ಕೊಡದ ಕೊರಳಲ್ಲಿದೆ ಬೇಸ್‌ನ ಲೆಕ್ಕ

ಮುಂಬಯಿಯ ಧಾರಾವಿಯ ಗಲ್ಲಿಗಳಲ್ಲಿ ನೀರು ಬರುವ ಹೊತ್ತು ಕಿವಿಗೇ ಗೊತ್ತಾಗುತ್ತದೆ. ಪೈಪಿನ ತುದಿಯನ್ನು ಕೊಡದ ಬಾಯಿಗೆ ಇಟ್ಟಾಗ ಮೊದಲು ದಪ್ಪನೆಯ ಗುಳುಗುಳು ಸದ್ದು. ನೀರು ಮೇಲೇರಿದ ಹಾಗೆ ದನಿಯೂ ಏರುತ್ತ, ಸಣ್ಣಗಾಗುತ್ತ ಹೋಗುತ್ತದೆ. ಒಳಗೆ ರೊಟ್ಟಿ ಬಡಿಯುತ್ತಿರುವ ಕಲಬುರಗಿ ಕಡೆಯ ಹೆಣ್ಣುಮಗಳು ಎದ್ದು ಬಂದು ನೋಡಬೇಕಾಗಿಲ್ಲ. ಕೊಡ ಕಂಠಮಟ್ಟ ತುಂಬಿತೆಂದು ಕಿವಿಯೇ ಹೇಳುತ್ತದೆ.

ಆ ಕಿವಿಗೆ ಗೊತ್ತಿರುವುದು ಭೌತಶಾಸ್ತ್ರದ ಒಂದು ನಿಯಮ. ಪಾತ್ರೆಯೊಳಗೆ ಗಾಳಿ ಹೆಚ್ಚಿದ್ದರೆ ದನಿ ಮಂದ್ರ, ಗಾಳಿ ಕಡಿಮೆಯಾದರೆ ತಾರ. ಕಾರಿನ ಡಿಕ್ಕಿಯಲ್ಲಿ ಇಡುವ ಸಬ್‌ವೂಫರ್ ಬಾಕ್ಸ್ ದುಡಿಯುವುದೂ ಇದೇ ನಿಯಮದ ಮೇಲೆ. ಸಾವಿರಗಟ್ಟಲೆ ರೂಪಾಯಿ ಸುರಿದು ವೂಫರ್, ಆಂಪ್ಲಿಫೈಯರ್ ತಂದವರು ಮರೆಯುವುದು ಈ ಕೊಡದ ಪಾಠವನ್ನೇ. ದೊಡ್ಡ ಸಂಖ್ಯೆ ಬರೆದ ಪೆಟ್ಟಿಗೆ ಕೊಂಡರೆ ದೊಡ್ಡ ದನಿ ಬರುತ್ತದೆಂಬ ನಂಬಿಕೆ ಎಷ್ಟೋ ಮನೆಗಳ ದುಡಿಮೆಯನ್ನು ಹಾಳುಮಾಡಿದೆ. ಒಳ್ಳೆಯ ಬೇಸ್ ಹುಟ್ಟುವುದು ಬಾಕ್ಸ್, ಕಾಯಿಲ್, ಆಂಪ್, ತಂತಿ ಈ ನಾಲ್ಕೂ ಒಂದಕ್ಕೊಂದು ಒಪ್ಪಿದಾಗ.

ಇಲ್ಲಿ ಬೇಸ್ ಯಾರಿಗೆ ಬೇಕು?

ಪಶ್ಚಿಮಕ್ಕೆ ಮಾಹಿಮ್, ಪೂರ್ವಕ್ಕೆ ಸಾಯನ್, ಉತ್ತರಕ್ಕೆ ಮೀಠಿ ನದಿ, ನಡುವೆ ಧಾರಾವಿ. ತಮಿಳು, ಮರಾಠಿ, ಹಿಂದಿ, ಉರ್ದು, ಗುಜರಾತಿ, ತೆಲುಗು, ಕನ್ನಡ ಎಲ್ಲವೂ ಒಂದೇ ಗಲ್ಲಿಯಲ್ಲಿ ಕೇಳಿಸುವ ಊರು. ಕಳೆದ ಒಂದೂವರೆ ದಶಕದಲ್ಲಿ ಇಲ್ಲಿನ ಹುಡುಗರು ಹಿಪ್‌ಹಾಪನ್ನು ತಮ್ಮ ಮಾತಾಗಿಸಿಕೊಂಡರು. 2018ರ ರಜನೀಕಾಂತ್ ಚಿತ್ರ ‘ಕಾಲಾ’ದ ಹಾಡುಗಳಲ್ಲಿ ಧಾರಾವಿಯದೇ ರ‍್ಯಾಪ್ ತಂಡ ಡೋಪಡೆಲಿಕ್ಸ್‌ನ ದನಿಯಿದೆ. ಮರುವರ್ಷ ಬಂದ ‘ಗಲ್ಲಿ ಬಾಯ್’ ಈ ಗಲ್ಲಿಗಳ ಹಾಡುಗಾರಿಕೆಯನ್ನು ದೇಶಕ್ಕೆಲ್ಲ ತೋರಿಸಿತು.

ಹಿಪ್‌ಹಾಪಿನ ಬೆನ್ನೆಲುಬು ಮಂದ್ರದ ಹೊಡೆತ. ಜಪಾನಿನ ರೋಲ್ಯಾಂಡ್ ಕಂಪನಿ 1980ರಲ್ಲಿ ತಂದ ಟಿಆರ್-808 ಎಂಬ ಡ್ರಮ್ ಯಂತ್ರದ ‘ಬೇಸ್ ಡ್ರಮ್’ ದನಿ ಇಂದಿಗೂ ಈ ಸಂಗೀತದ ಗುರುತು. ಅದರ ಕಂಪನ ಸೆಕೆಂಡಿಗೆ 50ರ, ಅಂದರೆ 50 ಹರ್ಟ್ಸ್‌ನ ಆಸುಪಾಸು. ಬೇಸ್ ಗಿಟಾರಿನ ಅತಿ ಮಂದ್ರದ ತಂತಿ ಮಿಡಿಯುವುದು 41 ಹರ್ಟ್ಸ್‌ನಲ್ಲಿ. ಮೊಬೈಲಿನ ಪುಟ್ಟ ಸ್ಪೀಕರಾಗಲಿ, ಕಾರಿನ ಬಾಗಿಲಲ್ಲಿರುವ ಆರಿಂಚಿನ ಸ್ಪೀಕರಾಗಲಿ ಅಷ್ಟು ಕೆಳಗೆ ಇಳಿದು ಗಟ್ಟಿಯಾಗಿ ನುಡಿಯಲಾರವು. ಕಂಪನ ಅರ್ಧಕ್ಕೆ ಇಳಿದರೆ ಅಷ್ಟೇ ಸದ್ದಿಗಾಗಿ ಸ್ಪೀಕರಿನ ಕೋನ್ ನಾಲ್ಕುಪಟ್ಟು ದೂರ ಹಿಂದೆ ಮುಂದೆ ಓಡಬೇಕು. ಆ ಓಟಕ್ಕೆಂದೇ ಕಟ್ಟಿದ್ದು ಸಬ್‌ವೂಫರ್.

ಹಗಲಿಡೀ ಸ್ಟೇರಿಂಗ್ ಹಿಡಿದು ದುಡಿಯುವ ಚಾಲಕನಿಗೆ ಗಾಡಿಯೇ ಅರ್ಧ ಮನೆ. ಹತ್ತಡಿ ಉದ್ದ ಹತ್ತಡಿ ಅಗಲದ ಖೋಲಿಯಲ್ಲಿ ಐದಾರು ಜನ ಮಲಗುವ ಕಡೆ ತನ್ನಿಷ್ಟದ ಹಾಡನ್ನು ತನ್ನಿಷ್ಟದಂತೆ ಕೇಳಲು ಉಳಿಯುವ ಜಾಗ ಕಾರಿನ ಒಳಗು ಮಾತ್ರ. ಆ ಆಸೆಯನ್ನು ಶೋಕಿ ಎಂದು ತಳ್ಳಿಹಾಕುವುದು ತಪ್ಪು. ಅದಕ್ಕೆ ಸಲ್ಲಬೇಕಾದದ್ದು ಸರಿಯಾದ ತಿಳಿವಳಿಕೆ.

ಮೊದಲು ಜಾಗ, ಕೊನೆಗೆ ವ್ಯಾಟ್

ಮೀಠಿಯ ಆಚೆ ಕುರ್ಲಾದ ಸಿಎಸ್‌ಟಿ ರಸ್ತೆ ಗಾಡಿಗಳ ಬಿಡಿಭಾಗಕ್ಕೆ ಹೆಸರುವಾಸಿ. ಗ್ರ್ಯಾಂಟ್ ರೋಡ್ ಬಳಿಯ ಲ್ಯಾಮಿಂಗ್ಟನ್ ರಸ್ತೆ ಎಲೆಕ್ಟ್ರಾನಿಕ್ಸ್ ಸಾಮಾನಿಗೆ. ಇಂಥ ಪೇಟೆಗೆ ಹೋದವರ ಕಣ್ಣು ಮೊದಲು ಬೀಳುವುದು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ವ್ಯಾಟ್ ಸಂಖ್ಯೆಯ ಮೇಲೆ. ಆ ಸಂಖ್ಯೆ ಬಹುಪಾಲು ‘ಮ್ಯಾಕ್ಸ್’ ಅಥವಾ ‘ಪೀಕ್’, ಅಂದರೆ ಕ್ಷಣಮಾತ್ರದ ಗರಿಷ್ಠ. ನೋಡಬೇಕಾದದ್ದು ಆರ್‌ಎಂಎಸ್ ವ್ಯಾಟ್: ಎಡೆಬಿಡದೆ ಕೊಡಬಲ್ಲ, ತಾಳಬಲ್ಲ ಶಕ್ತಿ. ಅಮೆರಿಕದ ಎಲೆಕ್ಟ್ರಾನಿಕ್ಸ್ ತಯಾರಕರ ಸಂಘ ರೂಪಿಸಿದ ಸಿಇಎ-2006 ಮಾನದಂಡದಂತೆ ಅಳೆದ ಆಂಪಾದರೆ 14.4 ವೋಲ್ಟ್‌ನಲ್ಲಿ, 4 ಓಮ್ ಹೊರೆಗೆ, ಶೇ 1ಕ್ಕಿಂತ ಹೆಚ್ಚು ವಿಕೃತಿ ಇಲ್ಲದೆ ಎಷ್ಟು ವ್ಯಾಟ್ ಎಂದು ಹೇಳಬೇಕಾಗುತ್ತದೆ. ಅಂಥ ಸಂಖ್ಯೆಯನ್ನು ನಂಬಬಹುದು.

ಇನ್ನೊಂದು ಮಾತು. 500 ವ್ಯಾಟನ್ನು 1000 ಮಾಡಿದರೆ ಸದ್ದು ಇಮ್ಮಡಿಯಾಗುವುದಿಲ್ಲ. ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಸದ್ದು ಎರಡರಷ್ಟು ಎನಿಸಬೇಕಾದರೆ ಸುಮಾರು 10 ಡೆಸಿಬೆಲ್, ಅಂದರೆ ಹತ್ತುಪಟ್ಟು ವ್ಯಾಟ್ ಬೇಕು. ವ್ಯಾಟಿನ ಹಿಂದೆ ಓಡುವ ದುಡ್ಡಿನ ಒಂದು ಪಾಲನ್ನು ಬಾಕ್ಸಿಗೆ ಹಾಕಿದರೆ ಫಲ ಹೆಚ್ಚು.

ಆದ್ದರಿಂದ ಲೆಕ್ಕ ತಿರುಗಬೇಕು. ಮೊದಲು ಟೇಪು ಹಿಡಿದು ಡಿಕ್ಕಿ ಅಳೆಯಿರಿ. ಎಷ್ಟು ಲೀಟರಿನ ಬಾಕ್ಸ್ ಕೂರುತ್ತದೆ ನೋಡಿ, ಅದಕ್ಕೆ ಒಪ್ಪುವ ವೂಫರ್ ಆರಿಸಿ. ವೂಫರಿಗೆ ಒಪ್ಪುವ ಆಂಪ್, ಆಂಪಿಗೆ ಒಪ್ಪುವ ತಂತಿ. ಮುಂಬಯಿಯಲ್ಲಿ ಮೊದಲ ಹೆಜ್ಜೆಯಲ್ಲೇ ಒಂದು ತೊಡಕಿದೆ: ಟ್ಯಾಕ್ಸಿಗಳ, ಅನೇಕ ಖಾಸಗಿ ಕಾರುಗಳ ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಅಡ್ಡ ಮಲಗಿರುತ್ತದೆ. ಉಳಿದ ಮೂಲೆಯಲ್ಲಿ 20-25 ಲೀಟರ್ ಸಿಕ್ಕಿದರೆ ಹೆಚ್ಚು. ಅಲ್ಲಿ ಹನ್ನೆರಡಿಂಚಿನ ವೂಫರ್ ತುರುಕುವ ಬದಲು ಎಂಟಿಂಚಿನದನ್ನೋ, ಸೀಟಿನಡಿ ಕೂರುವ ತೆಳುವಾದ ಆಂಪ್‌ಸಹಿತ ವೂಫರನ್ನೋ ಹಾಕುವುದು ಜಾಣತನ. ಸಿಲಿಂಡರಿನ ಕವಾಟ, ಗ್ಯಾಸ್ ಕೊಳವೆ ಇರುವ ಕಡೆ ಕರೆಂಟಿನ ತಂತಿ ಎಳೆಯಲೇಬಾರದು. ಸಿಲಿಂಡರಿನ ಬ್ರ್ಯಾಕೆಟ್ಟಿಗೆ ಅರ್ಥಿಂಗ್ ಕೊಡುವುದಂತೂ ಕೂಡದು.

ಬಾಕ್ಸ್: ಕಟ್ಟಿಹಾಕಿದ ಗಾಳಿ

ವೂಫರಿನ ಕೋನ್ ಮುಂದಕ್ಕೆ ತಳ್ಳಿದ ಗಾಳಿಯೂ ಹಿಂದಕ್ಕೆ ಎಳೆದ ಗಾಳಿಯೂ ಒಂದಕ್ಕೊಂದು ವಿರುದ್ಧ. ಬಾಕ್ಸಿಲ್ಲದೆ ನುಡಿಸಿದರೆ ಎರಡೂ ಬೆರೆತು ಮಂದ್ರ ಸತ್ತುಹೋಗುತ್ತದೆ. ಹಿಂದಿನ ಗಾಳಿಯನ್ನು ಬೇರ್ಪಡಿಸುವುದು ಬಾಕ್ಸಿನ ಮೊದಲ ಕೆಲಸ. ಎರಡನೆಯದು ಇನ್ನೂ ಸೂಕ್ಷ್ಮ. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಕೋನಿಗೆ ಸ್ಪ್ರಿಂಗಾಗಿ ಬಳಸಿ, ಸಣ್ಣ ಪೆಟ್ಟಿಗೆಯಿಂದಲೂ ಆಳವಾದ ಬೇಸ್ ಹೊರಡಿಸಿ ತೋರಿಸಿದರು. ಸೀಲ್ಡ್ ಬಾಕ್ಸ್ ಎಂದು ನಾವು ಕರೆಯುವುದು ಇದನ್ನೇ.

ಯಾವ ವೂಫರಿಗೆ ಎಷ್ಟು ಗಾಳಿ ಎಂಬ ಲೆಕ್ಕವನ್ನು ಕೈಗೆ ಕೊಟ್ಟವರು ಇಬ್ಬರು: 1961ರಲ್ಲಿ ಆಸ್ಟ್ರೇಲಿಯಾದ ನೆವಿಲ್ ಥೀಲ್, ಎಪ್ಪತ್ತರ ದಶಕದ ಆರಂಭದಲ್ಲಿ ಸಿಡ್ನಿ ವಿಶ್ವವಿದ್ಯಾಲಯದಲ್ಲಿದ್ದ ರಿಚರ್ಡ್ ಸ್ಮಾಲ್. ಒಳ್ಳೆಯ ವೂಫರಿನ ಜೊತೆ ಬರುವ ಚೀಟಿಯಲ್ಲಿ ಇವರ ಹೆಸರಿನ ಅಳತೆಗಳಿರುತ್ತವೆ. ಅದರಲ್ಲಿ ಮುಖ್ಯ ಮೂರು. ಎಫ್‌ಎಸ್: ವೂಫರ್ ತನ್ನಷ್ಟಕ್ಕೆ ಮಿಡಿಯುವ ಕಂಪನ. ಕ್ಯೂಟಿಎಸ್: ಮಿಡಿದ ಕೋನ್ ಎಷ್ಟು ಬೇಗ ತಣಿಯುತ್ತದೆ ಎಂಬ ಅಂಕಿ. ವಿಎಎಸ್: ಕೋನಿನ ಅಂಚಿನಷ್ಟೇ ಬಿಗುವಾದ ಗಾಳಿ ಎಷ್ಟು ಲೀಟರ್ ಎಂಬುದು.

ಒಂದು ಲೆಕ್ಕ ಮಾಡಿಯೇ ನೋಡೋಣ. ಎಫ್‌ಎಸ್ 30 ಹರ್ಟ್ಸ್, ಕ್ಯೂಟಿಎಸ್ 0.5, ವಿಎಎಸ್ 40 ಲೀಟರ್ ಇರುವ ಹನ್ನೆರಡಿಂಚಿನ ವೂಫರ್ ಎಂದಿಟ್ಟುಕೊಳ್ಳಿ. ವಿಎಎಸ್ಸನ್ನು ಬಾಕ್ಸಿನ ಲೀಟರಿನಿಂದ ಭಾಗಿಸಿ, ಒಂದು ಕೂಡಿಸಿ, ವರ್ಗಮೂಲ ತೆಗೆಯಿರಿ. ಬಾಕ್ಸ್ 40 ಲೀಟರಾದರೆ ಉತ್ತರ 1.41. ಕ್ಯೂಟಿಎಸ್‌ಗೆ ಗುಣಿಸಿದರೆ 0.7, ಉಬ್ಬರವಿಲ್ಲದ, ಸಮನಾದ ಬೇಸಿಗೆ ಬೇಕಾದ ಅಂಕಿ ಇದೇ. ಎಫ್‌ಎಸ್‌ಗೆ ಗುಣಿಸಿದರೆ 42. ಅದರ ಕೆಳಗೆ ದನಿ ಇಳಿಯತೊಡಗುತ್ತದೆ. ಅದೇ ವೂಫರನ್ನು 20 ಲೀಟರಿಗೆ ತುರುಕಿದರೆ ಅಂಕಿ 0.87ಕ್ಕೆ, ಕಂಪನ 52 ಹರ್ಟ್ಸಿಗೆ ಏರುತ್ತದೆ. ನೀರು ಏರಿದ ಕೊಡದ ದನಿ ಏರಿದ ಹಾಗೆಯೇ. ಬೇಸ್ ಗುದ್ದುತ್ತದೆ, ಆಳ ಹೋಗುತ್ತದೆ.

ಇಲ್ಲಿ ಬಡಗಿಯ ಕೈತಪ್ಪು ಒಂದಿದೆ. 56 ಸೆಂಟಿಮೀಟರ್ ಉದ್ದ, 36 ಅಗಲ, 28 ಎತ್ತರದ ಬಾಕ್ಸಿನ ಹೊರ ಅಳತೆ 56 ಲೀಟರ್. 18 ಮಿಲಿಮೀಟರ್ ಹಲಗೆಯ ದಪ್ಪ ಕಳೆದರೆ ಒಳಗೆ ಉಳಿಯುವುದು 41 ಲೀಟರ್ ಮಾತ್ರ. ಹೆಚ್ಚುಕಡಿಮೆ ಒಂದು ಕೊಡದಷ್ಟು ಗಾಳಿ ಮರದಲ್ಲೇ ಹೋಯಿತು. ವೂಫರಿನ ಮ್ಯಾಗ್ನೆಟ್ ತಿನ್ನುವ ಒಂದೆರಡು ಲೀಟರ್ ಬೇರೆ. ಲೆಕ್ಕ ಯಾವಾಗಲೂ ಒಳ ಅಳತೆಯದಾಗಿರಲಿ. ಮುಂಬಯಿಯ ಮಳೆಗಾಲದ ತೇವಕ್ಕೆ ಅಗ್ಗದ ಎಂಡಿಎಫ್ ಹಲಗೆ ಅಂಚಿನಲ್ಲಿ ಉಬ್ಬುತ್ತದೆ. ಐಎಸ್ 710 ಗುರುತಿನ ಮರೀನ್ ಪ್ಲೈ ಸ್ವಲ್ಪ ದುಬಾರಿಯಾದರೂ ಬಾಳುತ್ತದೆ. ಮೂಲೆಗಳಿಗೆ ಅಂಟು, ಸ್ಕ್ರೂ, ಒಳಗಿಂದ ಸಿಲಿಕಾನ್ ಮೂರೂ ಬೇಕು. ಸೂಜಿಮೊನೆಯಷ್ಟು ಸಂದಿಯಿದ್ದರೂ ಬಾಕ್ಸ್ ಉಸ್ ಎನ್ನುತ್ತದೆ.

ಕುಂಬಾರವಾಡದ ಪಾಠ

ಎರಡನೆಯ ಬಗೆ ಪೋರ್ಟೆಡ್ ಬಾಕ್ಸ್, ಕೊಳವೆಯಿಟ್ಟ ಪೆಟ್ಟಿಗೆ. ಇದನ್ನು ತಿಳಿಯಬೇಕಾದರೆ ಧಾರಾವಿಯ ಕುಂಬಾರವಾಡಕ್ಕೆ ಹೋಗಬೇಕು. ಸೌರಾಷ್ಟ್ರದಿಂದ ಬಂದ ಕುಂಬಾರರು ತಲೆಮಾರುಗಳಿಂದ ಚಕ್ರ ತಿರುಗಿಸುತ್ತಿರುವ ಜಾಗ ಅದು. ಅಲ್ಲಿನ ಒಂದು ಖಾಲಿ ಮಡಕೆಯ ಬಾಯಿಯ ಅಂಚಿಗೆ ಊದಿ ನೋಡಿ: ಹೂಂ ಎಂಬ ಒಂದೇ ಸ್ವರ. ಹೊಟ್ಟೆಯ ಗಾಳಿ ಸ್ಪ್ರಿಂಗು, ಕೊರಳಿನ ಗಾಳಿ ಅದರ ತುದಿಗೆ ಕಟ್ಟಿದ ತೂಕ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಈ ಅನುರಣನವನ್ನು ಗಣಿತಕ್ಕೆ ಇಳಿಸಿದರು. ಹೊಟ್ಟೆ ದೊಡ್ಡದಾದರೆ ಸ್ವರ ಇಳಿಯುತ್ತದೆ, ಕೊರಳು ಉದ್ದವಾದರೂ ಇಳಿಯುತ್ತದೆ, ಬಾಯಿ ಅಗಲವಾದರೆ ಏರುತ್ತದೆ. ಹತ್ತಿರದ ಷಣ್ಮುಖಾನಂದ ಸಭಾಂಗಣದ ಕಛೇರಿಗಳಲ್ಲಿ ಘಟಂ ವಾದಕರು ಘಟದ ಬಾಯನ್ನು ಹೊಟ್ಟೆಗೆ ಒತ್ತಿ, ಸಡಿಲಿಸಿ ಸ್ವರ ಬದಲಿಸುವುದೂ ಈ ಬಾಯಿಯ ಗುಟ್ಟಿನಿಂದಲೇ.

ಪೋರ್ಟೆಡ್ ಬಾಕ್ಸ್ ಮರದ ಮಡಕೆ. 45 ಲೀಟರ್ ಒಳಗಾಳಿ, 10 ಸೆಂಟಿಮೀಟರ್ ವ್ಯಾಸದ ಪಿವಿಸಿ ಪೈಪ್, ಪೈಪಿನ ಉದ್ದ 35 ಸೆಂಟಿಮೀಟರ್ ಆದರೆ ಅದರ ಸ್ವರ 35 ಹರ್ಟ್ಸ್. ಆ ಸ್ವರದ ಬಳಿ ಕೋನ್ ಹೆಚ್ಚು ಅಲುಗಾಡದೆಯೇ ಕೊಳವೆಯ ಗಾಳಿ ಸದ್ದಿನ ಬಹುಪಾಲನ್ನು ಹೊರುತ್ತದೆ. ಅದೇ ವ್ಯಾಟಿಗೆ ಹೆಚ್ಚು ಬೇಸ್. ಆದರೆ ಆ ಸ್ವರಕ್ಕಿಂತ ಕೆಳಗೆ ಬಾಕ್ಸಿನ ಗಾಳಿ ಕೋನನ್ನು ಹಿಡಿಯುವುದಿಲ್ಲ. ಕೋನ್ ಲಗಾಮಿಲ್ಲದೆ ಓಡಿ ಹರಿದುಕೊಳ್ಳುತ್ತದೆ. ಆದ್ದರಿಂದ ಆಂಪಿನ ‘ಸಬ್‌ಸಾನಿಕ್’ ಗುಂಡಿಯನ್ನು 28-30 ಹರ್ಟ್ಸಿಗೆ ಇಡುವುದು ಕಡ್ಡಾಯ.

ಸೀಲ್ಡೋ ಪೋರ್ಟೆಡ್ಡೋ? ಕಾರಿನ ಒಳಗು ಒಂದು ಸಣ್ಣ ಮುಚ್ಚಿದ ಕೋಣೆ. 40 ಹರ್ಟ್ಸಿನ ಒಂದು ಅಲೆಯ ಉದ್ದವೇ 8.6 ಮೀಟರ್, ಕಾರಿಗಿಂತ ದೊಡ್ಡದು. ಅಂಥ ಕೋಣೆ ತೀರಾ ಮಂದ್ರದ ಸ್ವರಗಳನ್ನು ತಾನೇ ಎತ್ತಿಕೊಡುತ್ತದೆ. ಸೀಲ್ಡ್ ಬಾಕ್ಸಿನ ದನಿ ಇಳಿಯುವ ಕಡೆ ಕಾರು ಏರಿಸುತ್ತದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಸಣ್ಣ ಹ್ಯಾಚ್‌ಬ್ಯಾಕಿಗೆ, ಇಕ್ಕಟ್ಟಿನ ಡಿಕ್ಕಿಗೆ ನನ್ನ ಒಲವು ಸೀಲ್ಡ್ ಕಡೆಗೇ.

ಕಾಯಿಲಿನ ಲೆಕ್ಕ

ವೂಫರಿನ ಹೃದಯ ಅದರ ವಾಯ್ಸ್ ಕಾಯಿಲ್. ಒಂದೇ ಕಾಯಿಲ್ ಇದ್ದರೆ ಸಿಂಗಲ್, ಎರಡಿದ್ದರೆ ಡ್ಯುಯಲ್. ನಮ್ಮ ವೂಫರ್ 4 ಓಮಿನ ಎರಡು ಕಾಯಿಲಿನದು, ತಾಳಿಕೆ 500 ವ್ಯಾಟ್ ಆರ್‌ಎಂಎಸ್ ಎಂದುಕೊಳ್ಳಿ. ಎರಡೂ ಪ್ಲಸ್ಸನ್ನು ಒಂದಾಗಿಸಿ, ಎರಡೂ ಮೈನಸ್ಸನ್ನು ಒಂದಾಗಿಸಿದರೆ ಅದು ಪ್ಯಾರಲಲ್. ಆಂಪಿಗೆ ಕಾಣುವುದು 2 ಓಮ್. ಒಂದರ ಮೈನಸ್ಸನ್ನು ಇನ್ನೊಂದರ ಪ್ಲಸ್ಸಿಗೆ ಕೊಟ್ಟು, ಉಳಿದ ಎರಡು ತುದಿಗಳನ್ನು ಆಂಪಿಗೆ ಕೊಟ್ಟರೆ ಅದು ಸೀರೀಸ್. ಕಾಣುವುದು 8 ಓಮ್.

2 ಓಮಿಗೆ 500 ವ್ಯಾಟ್ ಕೊಡುವ ಆಂಪ್ 4 ಓಮಿಗೆ ಸುಮಾರು ಅರ್ಧ, 8 ಓಮಿಗೆ ಸುಮಾರು ಕಾಲುಪಾಲು ಕೊಡುತ್ತದೆ. ತಪ್ಪಿ ಸೀರೀಸ್ ಜೋಡಿಸಿದವರು ದುಬಾರಿ ಆಂಪಿನ ಕಾಲುಭಾಗವನ್ನಷ್ಟೇ ಕೇಳುತ್ತ, ಕಂಪನಿಯನ್ನು ಬೈಯುತ್ತಾರೆ. ಇದಕ್ಕೆ ತದ್ವಿರುದ್ಧವಾದ ತಪ್ಪು ಇನ್ನೂ ಕೆಟ್ಟದ್ದು. ಇಂಥ ಎರಡು ವೂಫರುಗಳ ನಾಲ್ಕೂ ಕಾಯಿಲನ್ನು ಪ್ಯಾರಲಲ್ ಮಾಡಿದರೆ ಹೊರೆ 1 ಓಮ್. 2 ಓಮಿಗಷ್ಟೇ ತಡೆಯುವ ಆಂಪಿನಿಂದ ಅದು ಇಮ್ಮಡಿ ಕರೆಂಟ್ ಎಳೆಯಲು ಹೋಗಿ, ಆಂಪ್ ಕಾದು, ಕೆಂಪು ದೀಪ ಹತ್ತಿಸಿ ಕೂರುತ್ತದೆ, ಇಲ್ಲವೇ ಸುಡುತ್ತದೆ. ಆಗ ಪ್ರತಿ ವೂಫರಿನೊಳಗೆ ಸೀರೀಸ್, ವೂಫರುಗಳ ನಡುವೆ ಪ್ಯಾರಲಲ್ ಮಾಡಿದರೆ 4 ಓಮ್, ಆಂಪ್ ತಣ್ಣಗಿರುತ್ತದೆ.

ಜೋಡಣೆ ಮುಗಿದ ಮೇಲೆ ಮಲ್ಟಿಮೀಟರ್ ಹಿಡಿಯಿರಿ. 2 ಓಮಿನ ಹೊರೆ ಮೀಟರಿನಲ್ಲಿ ಎರಡಕ್ಕಿಂತ ತುಸು ಕಡಿಮೆ ತೋರುತ್ತದೆ, ಅದು ಸಹಜ. ಒಂದೂವರೆ ವೋಲ್ಟಿನ ಸೆಲ್ಲನ್ನು ಆಂಪಿನಿಂದ ಬಿಡಿಸಿದ ತಂತಿಗೆ ಕ್ಷಣ ಮುಟ್ಟಿಸಿದಾಗ ಎಲ್ಲ ಕೋನ್‌ಗಳೂ ಒಟ್ಟಿಗೆ ಹೊರಗೆ ಬರಬೇಕು. ಒಂದು ಹೊರಗೆ, ಒಂದು ಒಳಗೆ ಹೋದರೆ ಪ್ಲಸ್ ಮೈನಸ್ ತಿರುಗಿದೆ. ಎರಡೂ ಜಗಳವಾಡಿ ಬೇಸ್ ಮಾಯವಾಗುತ್ತದೆ.

ತಾಮ್ರವೋ, ತಾಮ್ರದ ಬಣ್ಣವೋ?

500 ವ್ಯಾಟ್ ಕೊಡುವ ಕ್ಲಾಸ್-ಡಿ ಆಂಪ್ ಸುಮಾರು ಶೇ 80 ದಕ್ಷತೆಯಲ್ಲಿ ಬ್ಯಾಟರಿಯಿಂದ 625 ವ್ಯಾಟ್ ಎಳೆಯುತ್ತದೆ. ಎಂಜಿನ್ ಓಡುವಾಗಿನ 13.8 ವೋಲ್ಟಿಗೆ ಅದು 45 ಆಂಪಿಯರ್. ಮನೆಯ ಗೀಸರ್ ಎಳೆಯುವುದಕ್ಕಿಂತ ಎಷ್ಟೋ ಹೆಚ್ಚಿನ ಕರೆಂಟು. ಬಾನೆಟ್ಟಿನಿಂದ ಡಿಕ್ಕಿಗೆ ಐದು ಮೀಟರ್ ತಂತಿ ಎಂದರೆ, 4 ಗೇಜಿನ (21 ಚದರ ಮಿಲಿಮೀಟರ್) ಅಪ್ಪಟ ತಾಮ್ರದಲ್ಲಿ ದಾರಿಯಲ್ಲಿ ಕಳೆದುಹೋಗುವುದು 0.2 ವೋಲ್ಟಿಗಿಂತ ಕಡಿಮೆ. 8 ಗೇಜಿನ ಸಣ್ಣ ತಂತಿಯಲ್ಲಿ ಅರ್ಧ ವೋಲ್ಟಿನ ಹತ್ತಿರ. ಅದೇ 8 ಗೇಜಿನ, ಒಳಗೆ ಅಲ್ಯೂಮಿನಿಯಂ, ಹೊರಗೆ ತಾಮ್ರದ ಲೇಪವಿರುವ ‘ಸಿಸಿಎ’ ತಂತಿಯಾದರೆ ಮುಕ್ಕಾಲು ವೋಲ್ಟಿನವರೆಗೂ. ಕಳೆದುಹೋದದ್ದೆಲ್ಲ ತಂತಿಯ ಬಿಸಿಯಾಗುತ್ತದೆ.

ಕಾರಿನ ಆಡಿಯೊ ಕಿಟ್‌ಗಳಲ್ಲಿ ಅಗ್ಗಕ್ಕೆ ಬರುವುದು ಬಹುಪಾಲು ಸಿಸಿಎ. ಅದನ್ನು ಗುರುತಿಸಲು ಧಾರಾವಿಯವರು ಬೇರೆಡೆ ಹೋಗಬೇಕಾಗಿಲ್ಲ. ತೇರಾ ಕಾಂಪೌಂಡಿನ ಗುಜರಿ ಕೆಲಸಗಾರರಿಗೆ ತಂತಿಯ ಎಳೆ ಕೆರೆದು, ಕೈಯಲ್ಲಿ ತೂಗಿ ಲೋಹ ಹೇಳುವುದು ನಿತ್ಯದ ಅನ್ನದ ವಿದ್ಯೆ. ಚಾಕುವಿನಿಂದ ಕೆರೆದಾಗ ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ. ಕೆಂಪಾಗಿಯೇ ಉಳಿದರೆ, ಕೈಗೆ ಭಾರವೆನಿಸಿದರೆ ತಾಮ್ರ.

ಬ್ಯಾಟರಿಯಿಂದ 45 ಸೆಂಟಿಮೀಟರಿನೊಳಗೆ ಫ್ಯೂಸ್ ಇರಲೇಬೇಕು. ತಂತಿಯ ಪ್ಲಾಸ್ಟಿಕ್ ಎಲ್ಲಾದರೂ ಉಜ್ಜಿ ಹರಿದು ಕಾರಿನ ಮೈಗೆ ತಾಗಿದರೆ ಬ್ಯಾಟರಿ ತನ್ನೆಲ್ಲ ಕರೆಂಟನ್ನು ಅಲ್ಲಿ ಸುರಿಯುತ್ತದೆ. ಫ್ಯೂಸನ್ನು ಆಂಪಿನ ಬಳಿ ಹಾಕಿದವರ ಕಾರಿನಲ್ಲಿ ಅಲ್ಲಿಯವರೆಗಿನ ನಾಲ್ಕೂವರೆ ಮೀಟರ್ ತಂತಿಗೆ ರಕ್ಷಣೆಯೇ ಇಲ್ಲ. ಎಂಜಿನ್ ಗೋಡೆಯ ತೂತಿನಲ್ಲಿ ರಬ್ಬರ್ ಗ್ರಾಮೆಟ್ ಮರೆಯಬೇಡಿ. ಅರ್ಥಿಂಗ್ ತಂತಿ ಅಷ್ಟೇ ದಪ್ಪವಿರಲಿ, ಗಿಡ್ಡವಿರಲಿ. ಬಣ್ಣ ಕೆರೆದು ಬರಿಯ ಲೋಹಕ್ಕೆ ಬೋಲ್ಟ್ ಬಿಗಿಯಿರಿ, ಮೇಲೆ ತುಕ್ಕು ಹಿಡಿಯದಂತೆ ಬಣ್ಣವೋ ಗ್ರೀಸೋ ಸವರಿ. ಸ್ಟಿರಿಯೊದಿಂದ ಬರುವ ಆರ್‌ಸಿಎ ತಂತಿಯನ್ನು ಕಾರಿನ ಇನ್ನೊಂದು ಬದಿಯಿಂದ ಎಳೆದರೆ ಎಂಜಿನ್ ಜೊತೆ ಏರಿಳಿಯುವ ಕುಂಯ್ ಸದ್ದಿನ ಕಾಟ ಕಡಿಮೆ.

ಗೇನ್ ವಾಲ್ಯೂಮ್ ಅಲ್ಲ

ಆಂಪಿನ ‘ಗೇನ್’ ಗುಂಡಿಯನ್ನು ಪೂರ್ತಿ ತಿರುಗಿಸಿಡುವುದು ಎಲ್ಲೆಡೆ ಕಾಣುವ ತಪ್ಪು. ಸ್ಟಿರಿಯೊ ಕೊಡುವ ಸಂಕೇತಕ್ಕೆ ಆಂಪನ್ನು ಹೊಂದಿಸಲು ಮಾತ್ರ ಅದು ಇರುವುದು. ಅತಿಯಾದರೆ ಅಲೆಯ ತಲೆ ಕತ್ತರಿಸಿ ಚೌಕಾಕಾರವಾಗುತ್ತದೆ, ಇದೇ ಕ್ಲಿಪಿಂಗ್. ಆಂಪಿನ ಹೇಳಿಕೆಯ ಎರಡರಷ್ಟು ಶಕ್ತಿಯವರೆಗೂ ಆಗ ಕಾಯಿಲಿಗೆ ನುಗ್ಗಬಹುದು. ಸುಟ್ಟ ವಾರ್ನಿಷಿನ ವಾಸನೆ ಬಂದರೆ ಕಾಯಿಲ್ ಹೋಗುತ್ತಿದೆ ಎಂದರ್ಥ.

ಸರಿಯಾದ ದಾರಿಗೆ ಮಲ್ಟಿಮೀಟರ್ ಸಾಕು. ವ್ಯಾಟನ್ನು ಓಮಿನಿಂದ ಗುಣಿಸಿ ವರ್ಗಮೂಲ ತೆಗೆಯಿರಿ: 500 ಗುಣಿಸು 2, ಅದರ ಮೂಲ 31.6. ವೂಫರಿನ ತಂತಿ ಬಿಚ್ಚಿ, ಬೇಸ್ ಬೂಸ್ಟ್ ಸೊನ್ನೆ ಮಾಡಿ, ಸ್ಟಿರಿಯೊದ ವಾಲ್ಯೂಮ್ ಮುಕ್ಕಾಲಿಗೆ ಇಟ್ಟು, 50 ಹರ್ಟ್ಸಿನ ಪರೀಕ್ಷಾ ಸ್ವರ ನುಡಿಸಿ. ಆಂಪಿನ ಹೊರತುದಿಯಲ್ಲಿ ಎಸಿ ವೋಲ್ಟ್ 31.6 ಮುಟ್ಟುವವರೆಗೆ ಗೇನ್ ಏರಿಸಿ ನಿಲ್ಲಿಸಿ. ಲೋ-ಪಾಸ್ ಗುಂಡಿ 80 ಹರ್ಟ್ಸಿನ ಬಳಿ ಇರಲಿ; ಆಗ ಹಾಡುಗಾರನ ಕಂಠ ಡಿಕ್ಕಿಯಿಂದ ಬಾರದೆ ಮುಂದಿನಿಂದಲೇ ಬರುತ್ತದೆ.

ತಗಡಿಗೆ ಕೇಳುವ ಸದ್ದು

ಇಷ್ಟೆಲ್ಲ ಹೊಂದಿಸಿದ ಮೇಲೆ ಕೊನೆಯ ಹೊಂದಾಣಿಕೆ ಉಳಿಯುತ್ತದೆ: ಊರಿನ ಜೊತೆ. 2000ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿ 10ರಿಂದ ಬೆಳಗಿನ 6ರವರೆಗೆ 45. ಆದರೆ ಈ ಅಳತೆ ಕಿವಿಯ ಸ್ವಭಾವಕ್ಕೆ ಒಗ್ಗಿಸಿದ ‘ಎ’ ಮಾಪಕದ್ದು. 40 ಹರ್ಟ್ಸಿನ ಸದ್ದಿನಲ್ಲಿ ಅದು ಸುಮಾರು 35 ಡೆಸಿಬೆಲ್ ಕಳೆದು ತೋರಿಸುತ್ತದೆ. 90 ಡೆಸಿಬೆಲ್ಲಿನ ಬೇಸ್ ಮೀಟರಿನಲ್ಲಿ 55 ಎಂದು ಕಾಣುತ್ತದೆ, ಕಾಗದದ ಮೇಲೆ ಎಲ್ಲವೂ ಸರಿ. ಗೋಡೆಗಳಿಗೆ ಮಾತ್ರ ಆ ಲೆಕ್ಕ ಗೊತ್ತಿಲ್ಲ. ಕಂಪನ ಅರ್ಧವಾದ ಹಾಗೆಲ್ಲ ಗೋಡೆಯ ತಡೆ ಸುಮಾರು 6 ಡೆಸಿಬೆಲ್ ಕುಗ್ಗುತ್ತದೆ. ಒಂದಿಟ್ಟಿಗೆಯ ಗೋಡೆ, ತಗಡಿನ ಮಾಡು ಇರುವ ಕಡೆ ಮಂದ್ರಕ್ಕೆ ತಡೆಯೇ ಇಲ್ಲ. ರಾತ್ರಿಪಾಳಿ ಮುಗಿಸಿ ಹಗಲು ಮಲಗಿದವರು, ತೊಟ್ಟಿಲ ಕೂಸು, ಪರೀಕ್ಷೆಗೆ ಓದುವ ಹುಡುಗಿ ಎಲ್ಲರೂ ಅಂಗೈ ದಪ್ಪದ ಆ ಗೋಡೆಯ ಆಚೆಗಿದ್ದಾರೆ.

ಆದ್ದರಿಂದ ಗೇನ್ ಹೊಂದಿಸಿದ ದಿನವೇ ಇನ್ನೊಂದು ಪರೀಕ್ಷೆ ಮಾಡಿ. ಕಾರನ್ನು ನಿತ್ಯ ನಿಲ್ಲಿಸುವ ಜಾಗದಲ್ಲಿ ನಿಲ್ಲಿಸಿ, ಕಿಟಕಿ ಏರಿಸಿ, ನಿಮಗೆ ಹಿತವಾದಷ್ಟು ಸದ್ದಿನಲ್ಲಿ ಹಾಡು ಹಾಕಿ ಕೆಳಗಿಳಿಯಿರಿ. ಹತ್ತಿರದ ಮನೆಯ ತಗಡಿನ ಮೇಲೆ ಅಂಗೈಯಿಡಿ. ತಗಡು ನಡುಗಿದರೆ ಒಳಗೆ ಹೋಗಿ ವಾಲ್ಯೂಮ್ ಇಳಿಸಿ, ಮತ್ತೆ ಬಂದು ಮುಟ್ಟಿ ನೋಡಿ. ನಡುಕ ನಿಂತ ಅಂಕಿಯನ್ನು ನೆನಪಿಟ್ಟುಕೊಳ್ಳಿ. ಗಲ್ಲಿಯೊಳಗೆ ನಿಮ್ಮ ಕಾರಿನ ಮಿತಿ ಆ ಅಂಕಿಯೇ.